ಮಣ್ಣಿನ ಪರೀಕ್ಷೆ ಆಯಿತು, ಮೈಯ ಪರೀಕ್ಷೆ ಯಾವಾಗ?

ನಮ್ಮ ಹೊಲದ ಮಣ್ಣಿನ ಆರೋಗ್ಯ ಚೀಟಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. 2015ರಲ್ಲಿ ಸುರುವಾದ ಯೋಜನೆಯದು. ರಸಸಾರದಿಂದ ಹಿಡಿದು ಸತು, ಬೋರಾನ್ ತನಕ 12 ಬಾಬತ್ತು ಅದರಲ್ಲಿವೆ. ಬಿತ್ತುವ ಮೊದಲು ಹಸಿ ಬಟ್ಟೆಯಲ್ಲಿ ನೂರು ಕಾಳು ಕಟ್ಟಿಟ್ಟು ಎಷ್ಟು ಮೊಳೆತವು ಅಂತ ಎಣಿಸುತ್ತೇವೆ. ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತೇವೆ, ನಡೆಸಿ ಕಾಲು ನೋಡುತ್ತೇವೆ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರ ಪರೀಕ್ಷಾ ಕೇಂದ್ರವೇ ಇದೆ. ಟ್ರ್ಯಾಕ್ಟರ್ ಪರೀಕ್ಷೆಯೆಂದರೆ ಅದರ ಎಳೆಯುವ ಬಲ, ಡೀಸೆಲ್ ಖರ್ಚು, ಸಪ್ಪಳ, ನಡುಕ ಎಲ್ಲ ಅಳೆದು ಬರೆಯುತ್ತಾರೆ.

ಇಷ್ಟೆಲ್ಲ ಅಳೆಯುತ್ತೇವಲ್ಲ, ಇವನ್ನೆಲ್ಲ ನಡೆಸುವ ಮೈಯನ್ನು ಅಳೆದವರು ಯಾರು? ಕುರ್ಪಿ ಹಿಡಿಯುವ ಕೈ, ಬಗ್ಗುವ ಬೆನ್ನು, ಕುಕ್ಕರಗಾಲಿನಲ್ಲಿ ಕೂತು ದಿನಗಟ್ಟಲೆ ಸರಿಯುವ ಮೊಣಕಾಲು, ಇವುಗಳ ಚೀಟಿ ಯಾವ ಮೊಳೆಗೂ ತೂಗುಬಿದ್ದಿಲ್ಲ. ಇದೆಲ್ಲ ನನ್ನ ತಲೆಗೂ ಮೊದಲು ಹೊಳೆದಿರಲಿಲ್ಲ. ನನ್ನ ಕಾಲೇ ಕೈಕೊಟ್ಟ ಮೇಲೆ ಹೊಳೆಯಿತು. ಆ ಕಥೆ ಹೇಳಿ, ಆಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಚಪ್ಪಲಿ ನಿಲ್ಲದ ಕಾಲು

ನಮ್ಮದು ಹುನಗುಂದ ತಾಲೂಕಿನ ಎರಿ ಭೂಮಿ. ನೀರಾವರಿ ಇಲ್ಲ. ಹಿಂಗಾರಿ ಬಿಳಿಜೋಳ ಮತ್ತು ಕಡ್ಲಿಯೇ ನಮ್ಮ ಬದುಕು. 2023ರ ಫೆಬ್ರವರಿಯಲ್ಲಿ ಕಡ್ಲಿ ಕೀಳಲು ಆಳು ಸಿಗಲಿಲ್ಲ. ಬಿಸಿಲು ಏರಿದರೆ ಗಿಡ ಒಣಗಿ ಕಾಯಿ ಉದುರುತ್ತದೆಂದು ನಾನೂ ನಮ್ಮ ಮನೆಯಾಕಿಯೂ ನಸುಕಿನಲ್ಲೇ ಹೊಲಕ್ಕೆ ಹೋಗಿ, ಇಬ್ಬನಿ ಇರುವಾಗಲೇ ಕೀಳತೊಡಗಿದೆವು. ಐದು ದಿನ ಹೀಗೆ ನಡೆಯಿತು. ಎದ್ದು ನಿಂತರೆ ಮತ್ತೆ ಕೂಡುವುದು ತ್ರಾಸ ಅಂತ ನಾನು ಏಳುತ್ತಲೇ ಇರಲಿಲ್ಲ. ಕುಕ್ಕರಗಾಲಿನಲ್ಲೇ ಕಪ್ಪೆಯಂತೆ ಮುಂದೆ ಮುಂದೆ ಸರಿಯುತ್ತಿದ್ದೆ.

ಐದನೆಯ ದಿನ ಸಂಜೆ ಎದ್ದಾಗ ಬಲಗಾಲು ಜುಂ ಎನ್ನುತ್ತಿತ್ತು. ಜೋಮು ಹಿಡಿದಿದೆ, ಹೋಗುತ್ತದೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಬಲಗಾಲಿನಲ್ಲಿ ಚಪ್ಪಲಿ ನಿಲ್ಲಲೊಲ್ಲದು. ಪಾದದ ಮುಂದಿನ ಭಾಗ ಎತ್ತಲು ಬರುತ್ತಿಲ್ಲ. ನಡೆದರೆ ಪಾದ ಪಟ್ ಪಟ್ ಎಂದು ನೆಲಕ್ಕೆ ಬಡಿಯುತ್ತದೆ. ಹೊಸ್ತಿಲು ದಾಟಬೇಕಾದರೆ ಮೊಣಕಾಲು ಎತ್ತರಕ್ಕೆ ಎತ್ತಬೇಕು. ನೋವು ಮಾತ್ರ ಅಷ್ಟಾಗಿ ಇರಲಿಲ್ಲ.

ಊರಲ್ಲಿ ಎಲ್ಲರೂ ಲಕ್ವಾ ಅಂದರು. ಒಬ್ಬರು ಲಕ್ವಾದ ಔಷಧ ಕೊಡುವ ಊರಿಗೆ ಕಳಿಸಿದರು. ಇನ್ನೊಬ್ಬರು ಎಣ್ಣೆ ತಿಕ್ಕಿದರು. ಒಂದು ದವಾಖಾನೆಯಲ್ಲಿ ನೋವಿನ ಸೂಜಿ ಮಾಡಿ, ಬೆನ್ನೆಲುಬಿನ ಗಾದಿ ಸರಿದಿರಬೇಕು, ಆಪರೇಶನ್ ಬೇಕಾಗಬಹುದು ಅಂದರು. ನನ್ನ ಎದೆ ಧಸಕ್ಕೆಂದಿತು. ಆಪರೇಶನ್ ಅಂದರೆ ಒಂದು ಎಕರೆ ಹೋದಂತೆಯೇ ಲೆಕ್ಕ. ಹೀಗೆ ತಿರುಗುವುದರಲ್ಲಿ ಮೂರು ವಾರ ಹೋದವು.

ನರ ಎಲ್ಲಿ ಸಿಕ್ಕಿಬಿದ್ದಿದೆ?

ಕೊನೆಗೆ ನರದ ಡಾಕ್ಟರೊಬ್ಬರು ನನ್ನ ಕಥೆ ಪೂರಾ ಕೇಳಿದರು. "ಎಷ್ಟು ದಿನ ಕುಕ್ಕರಗಾಲಿಲೆ ಕೂತಿದ್ರಿ?" ಅಂತ ಕೇಳಿದವರು ಅವರೊಬ್ಬರೇ. ಮೊಣಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಸಿಗುವ ಒಂದು ಎಲುಬಿನ ಗಂಟಿದೆ. ನೀವೂ ಮುಟ್ಟಿ ನೋಡಿಕೊಳ್ಳಿ. ಪಾದ ಎತ್ತುವ ಸ್ನಾಯುವಿಗೆ ಹೋಗುವ ನರ ಆ ಗಂಟನ್ನು ಸುತ್ತಿಕೊಂಡು, ಚರ್ಮದ ಕೆಳಗೇ ಹಾದುಹೋಗುತ್ತದೆ. ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತರೆ ಅಲ್ಲಿ ಆ ನರ ಒತ್ತಿಹೋಗಬಹುದು. ಡ್ರಿಪ್ ಪೈಪಿನ ಮೇಲೆ ಬಂಡಿಗಾಲಿ ನಿಂತಂತೆ. ಪರದೇಶಗಳಲ್ಲಿ ಸ್ಟ್ರಾಬೆರಿ ಹಣ್ಣು ಬಿಡಿಸುವ ಕೂಲಿಯವರಲ್ಲಿ ಇದನ್ನು ಕಂಡು, 1980ರಷ್ಟು ಹಿಂದೆಯೇ ವೈದ್ಯರ ಪತ್ರಿಕೆಯಲ್ಲಿ ಸ್ಟ್ರಾಬೆರಿ ಕೀಳುವವರ ಕಾಲುಸೋಲು ಎಂಬ ಹೆಸರಿನಿಂದಲೇ ಬರೆದಿದ್ದಾರಂತೆ. ನಮ್ಮಲ್ಲಿ ಅದನ್ನು ಕಡ್ಲಿ ಕೀಳುವವರ ಕಾಲುಸೋಲು ಅನ್ನಬೇಕು.

ಆದರೆ ಡಾಕ್ಟರು ಊಹೆಗೆ ಬಿಡಲಿಲ್ಲ, ಅಳೆದು ನೋಡಿದರು. ಮೊದಲು ಮೊಣಕಾಲಿನ ಹತ್ತಿರ ಸಣ್ಣ ಸಣ್ಣ ಕರೆಂಟಿನ ಹೊಡೆತ ಕೊಟ್ಟು, ಅದು ಕೆಳಗೆ ಎಷ್ಟು ಬೇಗ, ಎಷ್ಟು ಜೋರಾಗಿ ಮುಟ್ಟುತ್ತದೆ ಎಂದು ನೋಡಿದರು. ಗಂಟಿನ ಕೆಳಗೆ ಹೊಡೆದಾಗ ಚೆನ್ನಾಗಿ ಮುಟ್ಟಿತು. ಗಂಟಿನ ಮೇಲೆ ಹೊಡೆದಾಗ ಮುಟ್ಟಿದ್ದು ಅರ್ಧಕ್ಕಿಂತ ಕಡಿಮೆ. ಅಂದರೆ ತಡೆ ಇರುವುದು ಗಂಟಿನಲ್ಲೇ. ಆಮೇಲೆ ಕೂದಲಿನಂಥ ಸೂಜಿಯನ್ನು ಕಾಲಿನ ಮುಂದಿನ ಸ್ನಾಯುವಿಗೆ ಚುಚ್ಚಿ "ಪಾದ ಎತ್ರಿ" ಅಂದರು. ಮಶೀನಿನೊಳಗಿಂದ ಹಂಚಿನ ಮೇಲೆ ಜೋಳದ ಅರಳು ಸಿಡಿದಂಥ ಸಪ್ಪಳ ಬಂತು. ವಿರಳವಾಗಿ ಬಂತು, ಆದರೆ ಬಂತು. ತೊಡೆಯ ಹಿಂದಿನ ಸ್ನಾಯು, ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯು ಎಲ್ಲ ಸರಿಯಾಗಿದ್ದವು. ಬೆನ್ನಿನಲ್ಲೇ ನರ ಸಿಕ್ಕಿದ್ದರೆ ಅವೂ ಸೋಲಬೇಕಿತ್ತು. "ಬೆನ್ನಿನ ಆಪರೇಶನ್ ಬೇಕಾಗಿಲ್ಲ. ನರ ಸತ್ತಿಲ್ಲ, ಒತ್ತಿಹೋಗೈತಿ. ತಿಂಗಳುಗಟ್ಟಲೆ ಹಿಡೀತೈತಿ, ಬರ್ತೈತಿ" ಅಂದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ನನ್ನ ಕಾಲಿಗೆ ಆದದ್ದು ಎಲ್ಲರ ಕಾಲಿಗೂ ಆಗಿರುತ್ತದೆ ಅಂತಲ್ಲ. ಕಾಲಿನ ಜೊತೆ ಕೈಯೂ ಸೋತರೆ, ಬಾಯಿ ವಾರೆಯಾದರೆ, ಮಾತು ತೊದಲಿದರೆ ಅದು ನಿಜವಾದ ಲಕ್ವಾ. ಆಗ ಒಂದು ತಾಸೂ ಕಳೆಯದೆ ದೊಡ್ಡ ದವಾಖಾನೆಗೆ ಓಡಬೇಕು. ನಾನು ಎಣ್ಣೆ ತಿಕ್ಕಿಸುತ್ತ ಕೂತಂತೆ ಕೂಡಬಾರದು.

ಏನಿದು ಸ್ನಾಯು ಅಳೆಯುವುದು?

ಈ ಪರೀಕ್ಷೆಗೆ ಇ.ಎಂ.ಜಿ. ಅನ್ನುತ್ತಾರೆ. ನಮ್ಮ ಮಂದಿ ಇದನ್ನು ಇ.ಸಿ.ಜಿ. ಜೊತೆ ಕಲಸುತ್ತಾರೆ. ಇ.ಸಿ.ಜಿ. ಎದೆಯದು, ಇ.ಎಂ.ಜಿ. ಕೈಕಾಲು, ಬೆನ್ನಿನ ಸ್ನಾಯುಗಳದು. ಮಿದುಳಿನಿಂದ ನರದ ಮೂಲಕ ಅಪ್ಪಣೆ ಬಂದಾಗ ಸ್ನಾಯುವಿನೊಳಗೆ ಅತಿ ಸಣ್ಣ ಕರೆಂಟು ಹುಟ್ಟುತ್ತದೆ. ಆಮೇಲೆ ಸ್ನಾಯು ಎಳೆಯುತ್ತದೆ. ಆ ಸಣ್ಣ ಕರೆಂಟನ್ನು ಹಿಡಿದು ಗೆರೆಯಾಗಿ ತೋರಿಸುವುದೇ ಈ ಮಶೀನಿನ ಕೆಲಸ. ಎಷ್ಟು ಸಣ್ಣದು ಅಂದರೆ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು.

ಇದು ಹೊಸ ವಿದ್ಯೆಯೂ ಅಲ್ಲ. ಇಟಲಿಯ ಗಾಲ್ವಾನಿ ಎಂಬವರು ಸತ್ತ ಕಪ್ಪೆಯ ಕಾಲಿಗೆ ಕರೆಂಟು ಮುಟ್ಟಿಸಿ ಅದು ಜಿಗಿದದ್ದನ್ನು 1791ರಲ್ಲಿ ಬರೆದರು. ಜರ್ಮನಿಯ ದು ಬ್ವಾ-ರೇಮೋನ್ ಎಂಬವರು 1849ರಲ್ಲಿ ಮನುಷ್ಯನ ತೋಳಿನ ಕರೆಂಟನ್ನು ಅಳೆದು ತೋರಿಸಿದರು. ಚರ್ಮ ಅಡ್ಡ ಬರುತ್ತದೆಂದು ತೋಳಿಗೆ ಬೊಬ್ಬೆ ಬರಿಸಿ, ಮೇಲಿನ ಚರ್ಮ ತೆಗೆದು ಅಳೆದರಂತೆ. ಈಗ ಅಷ್ಟು ಕಷ್ಟವಿಲ್ಲ. ರೋಗ ಎಲ್ಲಿದೆ ಎಂದು ಹುಡುಕುವಾಗ ಸೂಜಿ ಬೇಕು. ಯಾವ ಸ್ನಾಯು ಯಾವಾಗ ದುಡಿಯುತ್ತದೆ ಎಂದು ನೋಡಬೇಕಾದರೆ ಚರ್ಮದ ಮೇಲೆ ಎರಡು ಬಿಲ್ಲೆ ಅಂಟಿಸಿದರೆ ಸಾಕು. ಬಿಲ್ಲೆಗಳ ನಡುವೆ 2 ಸೆಂಟಿಮೀಟರ್ ಅಂತರ, ಸ್ನಾಯುವಿನ ಎಳೆ ಹೋದ ದಿಕ್ಕಿಗೇ ಅಂಟಿಸಬೇಕು, ಅಷ್ಟೆ.

ಇನ್ನೊಂದು ಗೊಂದಲ ಇದೆ. ಜಾತ್ರೆಯಲ್ಲಿ, ಸಂತೆಯಲ್ಲಿ ಕರೆಂಟು ಹಿಡಿಸುವ ಡಬ್ಬಿ ಮಾರುತ್ತಾರೆ. ಅದು ಮೈಗೆ ಕರೆಂಟು ಕೊಡುವ ಯಂತ್ರ. ಇದು ಮೈಯೊಳಗಿನ ಕರೆಂಟನ್ನು ಕೇಳಿಸಿಕೊಳ್ಳುವ ಯಂತ್ರ. ಕೊಡುವುದು ಬೇರೆ, ಕೇಳುವುದು ಬೇರೆ. ಅಳತೆಯ ಯಂತ್ರದಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಮಳೆ ಅಳೆಯುವ ಡಬ್ಬಿ ಇಟ್ಟರೆ ಮಳೆ ಬರುತ್ತದೇನು?

ಗೆರೆ ಮೊದಲು ಎದ್ದಿತು

ದಿನಾ ವ್ಯಾಯಾಮಕ್ಕೆ ಬಾಗಲಕೋಟೆಗೆ ಹೋಗಬೇಕಾಯಿತು. ಬಸ್ಸಿನ ಮೆಟ್ಟಿಲು ಹತ್ತಲು ಬಾರದ ಕಾಲು. ನನ್ನ ತಮ್ಮನ ಮಗ ವಿದ್ಯಾಗಿರಿಯಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದ. "ದೊಡ್ಡಪ್ಪ, ಇಲ್ಲೇ ಇರ್ರಿ" ಅಂದ. ಒಂದೂವರೆ ತಿಂಗಳು ಅವನ ರೂಮಿನಲ್ಲಿದ್ದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ನಾನು ಕಾಲೇಜುಗಳ ಊರಲ್ಲಿ ಕೋಲು ಊರಿಕೊಂಡು ತಿರುಗಿದೆ.

ವ್ಯಾಯಾಮ ಕಲಿಸುವ ಮೇಡಮ್ಮನವರು ಕಾಲಿನ ಮುಂದಿನ ಸ್ನಾಯುವಿನ ಮೇಲೆ ಬಿಲ್ಲೆ ಅಂಟಿಸಿ, ಎದುರಿಗೆ ಒಂದು ಪರದೆ ಇಟ್ಟರು. "ಕಾಕಾ, ಪಾದ ಎತ್ರಿ" ಅಂದರು. ಎತ್ತಿದೆ. ಪಾದ ಅಲುಗಲಿಲ್ಲ. ದಿನಾ ಇದೇ ಆಗಿ ನನಗೆ ಬೇಸರ ಬಂದಿತ್ತು. ಅಲುಗದ ಕಾಲನ್ನು ಎತ್ತು ಎತ್ತು ಎಂದರೆ ಎಷ್ಟು ದಿನ ಎತ್ತುವುದು? "ಕಾಲು ನೋಡಬ್ಯಾಡ್ರಿ ಕಾಕಾ, ಪರದೆ ನೋಡ್ರಿ" ಅಂದರು. ನೋಡಿದರೆ, ನಾನು ಎತ್ತಬೇಕೆಂದಾಗಲೆಲ್ಲ ಸಪಾಟಾಗಿದ್ದ ಗೆರೆ ಸಣ್ಣಗೆ ಮುಳ್ಳು ಮುಳ್ಳಾಗಿ ಏಳುತ್ತಿತ್ತು. ಬಿಟ್ಟರೆ ಮಲಗುತ್ತಿತ್ತು.

ಆ ದಿನ ನನ್ನ ಕಣ್ಣಲ್ಲಿ ನೀರು ಬಂತು. ಬಿತ್ತಿದ ಹೊಲದಲ್ಲಿ ಏಳು ದಿನವಾದರೂ ಮೊಳಕೆ ಕಾಣದಿದ್ದರೆ ನಾವೇನು ಮಾಡುತ್ತೇವೆ? ಬೆರಳಿನಿಂದ ಮಣ್ಣು ಸರಿಸಿ ನೋಡುತ್ತೇವೆ. ಕಾಳಿನ ಮೂಗು ಒಡೆದಿದ್ದರೆ ಸಮಾಧಾನದಿಂದ ಮಣ್ಣು ಮುಚ್ಚಿ ಮನೆಗೆ ಬರುತ್ತೇವೆ. ಈ ಗೆರೆ ನನಗೆ ಹಾಗೆ ಮಣ್ಣು ಸರಿಸಿ ತೋರಿಸಿತು. ಅಲ್ಲಿಂದ ಮುಂದೆ ನಾನು ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ. ಪಾದ ಕಣ್ಣಿಗೆ ಕಾಣುವಂತೆ ಎದ್ದದ್ದು ಅದಾದ ಮೂರು ವಾರಕ್ಕೆ. ಚಪ್ಪಲಿ ನಿಂತದ್ದು ನಾಲ್ಕನೆಯ ತಿಂಗಳಿಗೆ. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳು ಬರದ ಪಟ್ಟಿಗೆ ಸೇರಿದವು. ಹೊಲ ಒಣಗಿತ್ತು, ಕಾಲು ಚಿಗುರಿತ್ತು.

ಗೆರೆಯಿಂದ ಕಾಲು ಬಂತು ಅಂತ ನಾನು ಹೇಳುತ್ತಿಲ್ಲ. ನರ ತಾನಾಗಿ ಸುಧಾರಿಸಿತು, ವ್ಯಾಯಾಮ ಸ್ನಾಯುವನ್ನು ಸೊರಗದಂತೆ ಕಾಪಾಡಿತು. ಗೆರೆ ಮಾಡಿದ್ದು ಒಂದೇ ಕೆಲಸ, ನಾನು ಕೈಚೆಲ್ಲದಂತೆ ನೋಡಿಕೊಂಡಿತು. ಆದರೆ ಅದು ಸಣ್ಣ ಕೆಲಸವಲ್ಲ. ಎಷ್ಟು ಜನ ರೈತರು ನಾಲ್ಕು ದಿನ ವ್ಯಾಯಾಮ ಮಾಡಿ, ಫಲ ಕಾಣದೆ ಬಿಟ್ಟು, ಜೀವನಪೂರ್ತಿ ಕಾಲೆಳೆಯುತ್ತಿದ್ದಾರೋ!

ಸೈಕಲ್ ಕುಂಟಿಗೆ ಪರೀಕ್ಷೆ

ನಮ್ಮ ಹುಡುಗ ಇದನ್ನೆಲ್ಲ ನೋಡುತ್ತಿದ್ದ. ಅಂಗೈ ಮೇಲೆ ಕೂಡುವಂಥ ಸಣ್ಣ ಸರ್ಕಿಟ್ಟು ಈಗ ಕಾಲೇಜು ಹುಡುಗರ ಕೈಗೆ ಸಿಗುತ್ತವೆ. ದವಾಖಾನೆಯ ಪರೀಕ್ಷೆಗೆ ಅವು ಸಮವಲ್ಲ, ಕಲಿಯಲು ಸಾಕು. ಮರುವರ್ಷ ಅವನೂ ಅವನ ಜೊತೆ ಓದುವ ಒಬ್ಬ ಹುಡುಗಿಯೂ ಅದನ್ನು ಲ್ಯಾಪ್‌ಟಾಪಿಗೆ ಕಟ್ಟಿಕೊಂಡು ನಮ್ಮ ಹೊಲಕ್ಕೆ ಬಂದರು. ಮನೆಯಲ್ಲಿ ನೋಡಿದಾಗ ಗೆರೆಯಲ್ಲಿ ಗದ್ದಲವೋ ಗದ್ದಲ. ಗೋಡೆಯ ವಾಯರಿನ ಕರೆಂಟೂ ಅದರಲ್ಲಿ ಕೂಡಿಕೊಳ್ಳುತ್ತದಂತೆ. ಹೊಲದಲ್ಲಿ ಬ್ಯಾಟರಿ ಮೇಲೆ ಹಚ್ಚಿದಾಗ ಗೆರೆ ತಿಳಿಯಾಯಿತು. ಬೆವರಿದರೆ ಮಾತ್ರ ಬಿಲ್ಲೆ ಕಿತ್ತುಬರುತ್ತಿತ್ತು, ಮತ್ತೆ ಒರೆಸಿ ಅಂಟಿಸಬೇಕು.

ನಮ್ಮಲ್ಲಿ ಸೈಕಲ್ ಕುಂಟಿ ಇದೆ. ಹಳೇ ಸೈಕಲ್ಲಿನ ಗಾಲಿಗೆ ಕುಂಟಿಯ ಕುಡ ಕಟ್ಟಿ, ಕೈಯಿಂದ ನೂಕಿ ಸಾಲಿನ ನಡುವಿನ ಕಸ ತೆಗೆಯುವ ಸಾಧನ. ಎತ್ತಿಲ್ಲದವರಿಗೆ ಅದೇ ಎತ್ತು. ನನ್ನ ಅಳತೆಗೆ ನಾನೇ ಮಾಡಿಸಿದ್ದು. ನಮ್ಮ ಮನೆಯಾಕಿ ನನಗಿಂತ ಗೇಣು ಗಿಡ್ಡ. ಆ ಹುಡುಗಿ ಆಕೆಯ ಹೆಗಲ ಮೇಲೆ ಬಿಲ್ಲೆ ಅಂಟಿಸಿದಳು. ಕುಂಟಿ ನೂಕುವಾಗ ಆಕೆಯ ಹೆಗಲಿನ ಗೆರೆ ಏರಿದ್ದು ಇಳಿಯಲೇ ಇಲ್ಲ. ನಾನು ನೂಕಿದಾಗ ನೂಕುವ ಹೊತ್ತಿಗೆ ಏರಿ, ಎಳೆದುಕೊಳ್ಳುವ ಹೊತ್ತಿಗೆ ಇಳಿಯುತ್ತಿತ್ತು. ಹಿಡಿಕೆ ಎತ್ತರವಾಗಿ ಆಕೆ ಹೆಗಲು ಎತ್ತಿಕೊಂಡೇ ದುಡಿಯುತ್ತಿದ್ದಳು. ಒಂದು ಗಳಿಗೆಯೂ ಬಿಡುವು ಸಿಗದ ಸ್ನಾಯು ಬೇಗ ದಣಿಯುತ್ತದೆ.

ಊರ ಕಮ್ಮಾರರ ಹತ್ತಿರ ನಾಲ್ಕು ಬೆರಳು ಕೆಳಗೆ ಇನ್ನೊಂದು ತೂತು ಹಾಕಿಸಿ ಹಿಡಿಕೆ ಇಳಿಸಿದೆವು. ಆಕೆಯ ಗೆರೆಯೂ ಏರಿ ಇಳಿಯತೊಡಗಿತು. ಖರ್ಚು ಒಂದು ನಟ್ಟು ಬೋಲ್ಟಿನದು.

ನಾನು ಖುಷಿಯಿಂದ ಅವಳಿಗೆ ಪರದೆ ತೋರಿಸಿದೆ. ಆಕೆ ನಗಲಿಲ್ಲ. "ಇಪ್ಪತ್ತ ವರ್ಷದಿಂದ ಹೆಗಲು ನೋಯತಾವ ಅಂತ ನಾ ಹೇಳಿದ್ರ ನೀವು ಕೇಳಲಿಲ್ಲ. ಇವತ್ತ ಗೆರಿ ಹೇಳಿತು, ಕೇಳಿದ್ರಿ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಬರೆಯಲು ಅರ್ಧ ಕಾರಣ ಆ ಮಾತು.

ಮೂರು ಮಂದಿಯನ್ನು ನೋಡಿದ್ದು ಸಂಶೋಧನೆ ಅಲ್ಲ, ನನಗೂ ಗೊತ್ತು. ಆದರೆ ಕಣ್ಣು ತೆರೆಯಲು ಇಷ್ಟು ಸಾಕು.

ಬಗ್ಗಿದ ಬೆನ್ನು ಯಾಕೆ ಸುಮ್ಮನಾಯಿತು?

ಆ ದಿನವೇ ಇನ್ನೊಂದು ವಿಚಿತ್ರ ಕಂಡೆವು. ಹುಡುಗ ತನ್ನ ಸೊಂಟದ ಮೇಲೆ ಬಿಲ್ಲೆ ಅಂಟಿಸಿಕೊಂಡು, ಕಾಲು ನೆಟ್ಟಗಿಟ್ಟು ಕಸ ಕೀಳುವವರಂತೆ ಬಗ್ಗಿದ. ಬಗ್ಗುತ್ತಾ ಹೋದಂತೆ ಗೆರೆ ಏರಿತು. ಪೂರಾ ಬಗ್ಗಿ ಕೈ ನೆಲಕ್ಕೆ ಮುಟ್ಟಿದಾಗ ಗೆರೆ ಒಮ್ಮೆಲೇ ಸಪಾಟ! "ವಾಯರ್ ಕಿತ್ತಿತು ದೊಡ್ಡಪ್ಪ" ಅಂದ. ಕಿತ್ತಿರಲಿಲ್ಲ. ಏಳತೊಡಗಿದ ಕೂಡಲೇ ಗೆರೆ ಮತ್ತೆ ಎದ್ದಿತು.

ವ್ಯಾಯಾಮದ ಮೇಡಮ್ಮನವರನ್ನು ಕೇಳಿದಾಗ ಗುಟ್ಟು ತಿಳಿಯಿತು. 1951ರಲ್ಲೇ ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬವರು ಇದನ್ನು ಬರೆದಿದ್ದಾರೆ. ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯು ಕೆಲಸ ಬಿಟ್ಟುಬಿಡುತ್ತದೆ. ಮೇಲಿನ ಮೈಯ ಭಾರವೆಲ್ಲ ಎಲುಬಿಗೆ ಎಲುಬು ಕಟ್ಟಿದ ಪಟ್ಟಿಗಳ ಮೇಲೆ, ನಡುವಿನ ಗಾದಿಗಳ ಮೇಲೆ ಬೀಳುತ್ತದೆ. ಎತ್ತು ನೊಗ ಕಳಚಿದೆ, ತುಂಬಿದ ಬಂಡಿ ಇಳಿಜಾರಿನಲ್ಲಿ ಬರೀ ಹಗ್ಗದ ಮೇಲೆ ನಿಂತಿದೆ ಎಂದು ತಿಳಿಯಿರಿ. ಎತ್ತಿಗೆ ದಣಿವಿಲ್ಲ. ಆದರೆ ಹಗ್ಗ ಎಷ್ಟು ಹೊತ್ತು ತಡೆದೀತು? ದಿನಕ್ಕೆ ಆರೇಳು ತಾಸು ಹೀಗೆ ಬಗ್ಗಿದರೆ ಆ ಪಟ್ಟಿ ಸಡಿಲಾಗುತ್ತಾ ಹೋಗುತ್ತದೆ. ಸೊಂಟನೋವು ಹಳೆಯದಾದ ಬಹಳ ಮಂದಿಯಲ್ಲಿ ಈ ಸುಮ್ಮನಾಗುವುದೇ ಇರುವುದಿಲ್ಲವಂತೆ. ಬಗ್ಗಿದರೂ ಸ್ನಾಯು ಬಿಡದೆ ಬಿಗಿ ಹಿಡಿದೇ ಇರುತ್ತದೆ.

ಇದರಿಂದ ನಾನು ಕಲಿತದ್ದು ಎರಡು. ಒಂದು, ಗೆರೆ ಸಪಾಟಾಗಿದೆ ಎಂದರೆ ಭಾರ ಇಲ್ಲ ಎಂದಲ್ಲ. ಯಂತ್ರ ತೋರಿಸಿದ್ದನ್ನು ಓದಲು ಬಲ್ಲವರು ಬೇಕು. ಎರಡು, ಬಗ್ಗಿ ಕೆಲಸ ಮಾಡುವ ಹೆಣ್ಣುಮಕ್ಕಳು "ಬಗ್ಗಿದಾಗ ನೋವಿಲ್ಲ, ಏಳುವಾಗ ಜೀವ ಹೋಗತೈತಿ" ಅನ್ನುತ್ತಾರಲ್ಲ, ಅದು ಸೋಗಲ್ಲ, ಸತ್ಯ.

ನನ್ನ ಅಭಿಪ್ರಾಯ

ನಮ್ಮ ದೇಶದಲ್ಲಿ ಈ ಕೆಲಸ ನಡೆದೇ ಇಲ್ಲ ಎಂದರೆ ತಪ್ಪಾಗುತ್ತದೆ. ಭೋಪಾಲದ ಕೇಂದ್ರ ಕೃಷಿ ಇಂಜಿನಿಯರಿಂಗ್ ಸಂಸ್ಥೆಯ ಮುಂದಾಳತನದಲ್ಲಿ ಕೃಷಿ ಕೆಲಸಗಾರರ ಶ್ರಮ ಮತ್ತು ಸುರಕ್ಷತೆಯ ಬಗ್ಗೆ ಅಖಿಲ ಭಾರತ ಯೋಜನೆಯೇ ಇದೆ. ಹಲವು ರಾಜ್ಯಗಳ ರೈತರ, ಕೂಲಿ ಹೆಣ್ಣುಮಕ್ಕಳ ಮೈಯ 79 ಅಳತೆ, ಬಲದ 16 ಅಳತೆ ತೆಗೆದು 2009ರಲ್ಲಿ ಪುಸ್ತಕ ಮಾಡಿದ್ದಾರೆ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನದವರೂ ಹೆಣ್ಣುಮಕ್ಕಳ ಶ್ರಮ ಇಳಿಸುವ ಸಾಧನಗಳ ಮೇಲೆ ಕೆಲಸ ಮಾಡಿದ್ದಾರೆ. ಅವರು ಹೆಚ್ಚಾಗಿ ನೋಡುವುದು ಎದೆಬಡಿತ. ಅದು ಒಳ್ಳೆಯದೇ. ಆದರೆ ಎದೆಬಡಿತ ಇಡೀ ಮೈಯ ದಣಿವು ಹೇಳುತ್ತದೆ, ಯಾವ ಸ್ನಾಯು ಸಾಯುತ್ತಿದೆ ಎಂದು ಹೇಳುವುದಿಲ್ಲ. ಕುರ್ಪಿಯಿಂದ ಕಸ ತೆಗೆಯುವವರ ಎದೆ ಜೋರಾಗಿ ಹೊಡೆದುಕೊಳ್ಳದೇ ಇರಬಹುದು. ಮುಂಗೈ, ಸೊಂಟ, ಮೊಣಕಾಲು ಮಾತ್ರ ಹಾಳಾಗುತ್ತವೆ.

ಮತ್ತೆ, ಈ ಪುಸ್ತಕದ ಅಳತೆ ನಮ್ಮ ಊರ ಕಮ್ಮಾರರ ಕುಲುಮೆಗೆ ಬಂದಿದೆಯೇ? ಸಹಾಯಧನದಲ್ಲಿ ಕೊಡುವ ಬೆನ್ನಿಗೆ ಕಟ್ಟುವ ಸ್ಪ್ರೇಯರ್, ಕಸ ತೆಗೆಯುವ ಯಂತ್ರಗಳ ಮೇಲೆ ಕಂಪನಿ, ಅಶ್ವಶಕ್ತಿ, ದರ ಬರೆದಿರುತ್ತದೆ. ಇದನ್ನು ಐದಡಿ ಎತ್ತರದ ಹೆಣ್ಣುಮಗಳು ನಾಲ್ಕು ತಾಸು ಹೊತ್ತರೆ ಹೆಗಲಿಗೆ ಏನಾಗುತ್ತದೆ ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ.

ಕಡ್ಲಿಯದೇ ಉದಾಹರಣೆ ತೆಗೆದುಕೊಳ್ಳಿ. ಯಂತ್ರದಿಂದ ಕೊಯ್ಯಲು ಬರಲಿ ಎಂದು ಎತ್ತರದ ತಳಿ ಬಂದಿವೆ. ಆಂಧ್ರದ ನಂದ್ಯಾಲದ ಎನ್.ಬಿ.ಇ.ಜಿ.-47, ನಮ್ಮ ಕಲಬುರಗಿಯ ಜಿ.ಬಿ.ಎಂ.-2 ಹೀಗೆ. ಸಂತೋಷ. ನಾವು ಬಹಳ ವರ್ಷದಿಂದ ಬೆಳೆಯುವ ಜೆ.ಜಿ.-11 ಗಿಡ್ಡ, ಯಂತ್ರದ ಬಾಯಿಗೆ ಸಿಗುವುದಿಲ್ಲ. ಯಂತ್ರ ಬಗ್ಗಲಾರದು ಎಂದು ಬೆಳೆಯನ್ನೇ ಎತ್ತರ ಮಾಡಿದರು. ಅಜ್ಜಿ ಮುತ್ತಜ್ಜಿ ಕಾಲದಿಂದ ಹೆಣ್ಣುಮಕ್ಕಳು ಬಗ್ಗುತ್ತಿದ್ದರು, ಕುಕ್ಕರಗಾಲಿನಲ್ಲಿ ಕೂಡುತ್ತಿದ್ದರು. ಅವರಿಗೋಸ್ಕರ ಯಾರೂ ಒಂದು ಗೇಣು ಎತ್ತರ ಮಾಡಲಿಲ್ಲ.

ಸಾಧನದ ಹಿಡಿಕೆಗಾಗಿ ಕೋರ್ಟಿನ ತನಕ ಹೋದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೂಲಿಗಳಿಗೆ ಗಿಡ್ಡ ಹಿಡಿಕೆಯ ಗುದ್ದಲಿ ಕೊಡುತ್ತಿದ್ದರು, ಒಂದೆರಡು ಅಡಿಯದು. ಅದು ಬೆನ್ನು ಮುರಿಯುತ್ತದೆಂದು ಕೂಲಿಗಳೂ ಡಾಕ್ಟರರೂ ಸಾಕ್ಷಿ ಹೇಳಿದರು. ಉದ್ದ ಹಿಡಿಕೆ ಕೊಟ್ಟರೆ ಬೆಳೆ ಹಾಳಾಗುತ್ತದೆ ಎಂದು ಮಾಲಕರು ವಾದಿಸಿದರು. 1975ರಲ್ಲಿ ಗಿಡ್ಡ ಗುದ್ದಲಿ ಬಂದಾಯಿತು. ಉದ್ದ ಹಿಡಿಕೆಯಿಂದ ಅಲ್ಲಿಯ ಬೇಸಾಯ ನಿಂತೇನೂ ಹೋಗಲಿಲ್ಲ.

ಇದಕ್ಕೆ ನಮ್ಮ ರೈತರು ಏನು ಹೇಳುತ್ತಾರೆ ಎಂದು ನನಗೆ ಗೊತ್ತು. "ಕುರ್ಪಿ ಬಿಟ್ರ ಗಿಡದ ಬುಡದಾಗಿನ ಕಸ ಹೆಂಗ ತಗೀಲಿ?" ನಿಜ. ಉಳ್ಳಾಗಡ್ಡಿ ಮಡಿಯಲ್ಲಿ, ಮೆಣಸಿನಗಿಡದ ಬುಡದಲ್ಲಿ ಕುರ್ಪಿಗೆ ಬದಲಿ ಇಲ್ಲ. ಕುರ್ಪಿ ಒಗೆಯಿರಿ ಎಂದು ನಾನು ಹೇಳುವುದಿಲ್ಲ. ಸಾಲಿನ ನಡುವಿನದು ಎಡಿಕುಂಟಿಯಿಂದಲೋ ಸೈಕಲ್ ಕುಂಟಿಯಿಂದಲೋ ಹೋಗಲಿ, ಬುಡದ್ದಕ್ಕೆ ಮಾತ್ರ ಕುರ್ಪಿ ಇರಲಿ. ಆ ಕುರ್ಪಿಯ ಹಿಡಿಯೂ ಹಿಡಿಯುವ ಕೈಗೆ ತಕ್ಕಂತೆ ಇರಲಿ. "ದುಡ್ಡೆಲ್ಲಿಂದ ತರೂದು?" ಅನ್ನುವವರೂ ಇದ್ದಾರೆ. ಅಳೆಯುವ ಖರ್ಚು ರೈತನದಲ್ಲ, ಸಾಧನ ಮಾರುವವರದು, ಸಹಾಯಧನ ಕೊಡುವವರದು. ತಪ್ಪು ಅಳತೆಯ ಖರ್ಚನ್ನು ಈಗ ನಾವು ದವಾಖಾನೆಯಲ್ಲಿ ಕಟ್ಟುತ್ತಿದ್ದೇವೆ, ಅಷ್ಟೆ.

ಆದ್ದರಿಂದ ನಾನು ಕೇಳುವುದು ಮೂರು.

ಮೊದಲನೆಯದು, ಸಹಾಯಧನಕ್ಕೆ ಸೇರಿಸುವ ಪ್ರತಿ ಕೈಸಾಧನವನ್ನು ಗಂಡಸರು, ಹೆಂಗಸರು ಇಬ್ಬರ ಮೈ ಮೇಲೂ ಅಳೆದು ನೋಡಬೇಕು. ಎಷ್ಟು ತಾಸು ಬಳಸಬಹುದು, ಹಿಡಿಕೆ ಎಷ್ಟು ಎತ್ತರ ಇರಬೇಕು ಎಂದು ಕನ್ನಡದಲ್ಲಿ ಅದರ ಮೇಲೇ ಬರೆಯಬೇಕು. ಹಿಡಿಕೆ ಏರಿಸಿ ಇಳಿಸಲು ಬರದ ಸಾಧನಕ್ಕೆ ಸಹಾಯಧನ ಬೇಡ.

ಎರಡನೆಯದು, ಸ್ನಾಯು, ನರ ಅಳೆಯುವ ಪರೀಕ್ಷೆ ಮತ್ತು ಪರದೆ ನೋಡುತ್ತಾ ಮಾಡುವ ವ್ಯಾಯಾಮ ಪ್ರತಿ ಜಿಲ್ಲೆಯ ಸರಕಾರಿ ದವಾಖಾನೆಯಲ್ಲಿ ಸಿಗಬೇಕು. ಆಟಗಾರರ ಮಂಡಿಗೆ ಇರುವ ಬೆಲೆ ಕಡ್ಲಿ ಕೀಳುವವಳ ಮಂಡಿಗೂ ಇರಬೇಕು.

ಮೂರನೆಯದು ವಿದ್ಯಾಗಿರಿಯಂಥ ಊರುಗಳಿಗೆ. ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಅಲ್ಲಿ ಸುರುವಾದದ್ದು 1963ರಲ್ಲಿ. ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ಬಾಗಲಕೋಟೆಯಲ್ಲೇ ಇದೆ. ಇಂಜಿನಿಯರಿಂಗ್ ಹುಡುಗರು ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಲೇಬೇಕು. ಸುತ್ತ ಹತ್ತು ಹರದಾರಿಯಲ್ಲಿ ಎಷ್ಟೊಂದು ಕೆಲಸ ಬಿದ್ದಿದೆ ನೋಡಿ. ಇಳಕಲ್ಲ ಸೀರೆ ನೇಯುವವರ ಕುಣಿಮಗ್ಗದ ಕಾಲು, ಗ್ರಾನೈಟ್ ಕಲ್ಲು ಒಡೆಯುವವರ ಹೆಗಲು, ಕಸ ತೆಗೆಯುವವರ ಸೊಂಟ. ಮಕ್ಕಳೇ, ಬಿಲ್ಲೆ, ವಾಯರು ತೆಗೆದುಕೊಂಡು ಬರ್ರಿ. ರೊಟ್ಟಿ ನಾವು ಹಾಕುತ್ತೇವೆ.

ಅಲ್ಲಿಯ ತನಕ ನಾವು ಮಾಡುವುದು

ಸರಕಾರ ಮಾಡುವ ತನಕ ಕೈಕಟ್ಟಿ ಕೂಡಬೇಕಿಲ್ಲ. ನಮ್ಮ ಮನೆಯಲ್ಲಿ ಈಗ ಹೀಗೆ ನಡೆದಿದೆ. ಕುಕ್ಕರಗಾಲಿನ ಕೆಲಸದಲ್ಲಿ ಸಾಲು ಮುಗಿದ ಕೂಡಲೇ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯುವುದು. ಕಾಲು ಜುಂ ಎಂದರೆ ಅದು ನರದ ಕೂಗು ಎಂದು ತಿಳಿದು ಆಗಲೇ ಏಳುವುದು. ಅಡ್ಡಗಾಲ ಮಣೆಯೊಂದನ್ನು ಮಾಡಿಸಿದ್ದೇನೆ, ಗೇಣು ಎತ್ತರದ್ದು. ಅದರ ಮೇಲೆ ಕೂತು ಸರಿಯುತ್ತೇವೆ, ಮೊಣಕಾಲು ಪೂರಾ ಮಡಚುವುದಿಲ್ಲ. ಬೆಳಿಗ್ಗೆ ಬಗ್ಗುವ ಕೆಲಸವಾದರೆ ಮಧ್ಯಾಹ್ನ ನಿಂತು ಮಾಡುವ ಕೆಲಸ. ಕುಂಟಿಯ ಹಿಡಿಕೆಗೆ ಎರಡು ತೂತು, ಅವಳದೊಂದು, ನನ್ನದೊಂದು. ಯಾವ ಹೆಣ್ಣಾಳು ಬಂದರೂ ಮೊದಲು ಹಿಡಿಕೆ ಅವರ ಮೊಣಕೈ ಮಟ್ಟಕ್ಕೆ ಹೊಂದಿಸಿಯೇ ಕೆಲಸ ಹಚ್ಚುವುದು.

ನನ್ನ ಕಾಲು ಈಗ ಸರಿಯಾಗಿದೆ. ಮೂರು ಮೈಲು ನಡೆದರೆ ಬಲಪಾದ ಸ್ವಲ್ಪ ಭಾರ ಅನಿಸುತ್ತದೆ, ಅಷ್ಟು ಉಳಿದಿದೆ. ಕಡ್ಲಿ ಕೀಳುವ ಕಾಲಕ್ಕೆ ಅದೇ ನನಗೆ ಎಚ್ಚರಿಕೆ ಹೇಳುತ್ತದೆ.

ಓದುಗ ರೈತ ಬಾಂಧವರೇ, ನಿಮ್ಮ ಊರಲ್ಲೂ ಪಾದ ಬಡಿಯುತ್ತಾ ನಡೆಯುವವರು, ಕೈಬೆರಳು ಮಡಚಲಾರದವರು, ಸೊಂಟ ನೆಟ್ಟಗಾಗದವರು ಇರುತ್ತಾರೆ. ಅವರು ಯಾವ ಕೆಲಸ, ಯಾವ ಸಾಧನದಿಂದ, ಎಷ್ಟು ವರ್ಷ ಮಾಡಿದರು ಎಂದು ಕೇಳಿ ಪತ್ರಿಕೆಗೆ ಬರೆಯಿರಿ. ಯಾರಾದರೂ ಹಿಡಿಕೆ ಬದಲಿಸಿ, ಮಣೆ ಮಾಡಿ ಸುಖ ಕಂಡಿದ್ದರೆ ಅದರ ಅಳತೆ ಸಮೇತ ಬರೆಯಿರಿ. ಮತ್ತೆ, ನೋವು ಎಂದು ಮನೆಯಾಕೆ ಹೇಳಿದಾಗ ಗೆರೆ ಏಳುವ ತನಕ ಕಾಯಬೇಡಿ. ನಾನು ಕಾದು ಕಲಿತೆ, ನೀವು ಕೇಳಿ ಕಲಿಯಿರಿ.